ಗೂಟಕ್ಕೆ ನೇತುಹಾಕಿದ ರುಮಾಲು

ನಾಲ್ಕು ಜನ ಒಂದೇ ಸೂರಿನ ಕೆಳಗೆ ಸಂಬಳಕ್ಕೆ ಕೂತರೆ ಸಾಕು, ಅವರಲ್ಲೊಬ್ಬ ಮಿಕ್ಕ ಮೂವರ ತಲೆ ಮೇಲೆ ಕೂರಲು ಜಾಗ ಹುಡುಕುತ್ತಾನೆ. ನಾನು ಆರು ಕಚೇರಿಗಳ ಜಮಖಾನ ಸವೆಸಿದವನು. ಈ ಮಾತು ಸುಳ್ಳಾದದ್ದನ್ನು ಒಂದು ಕಡೆಯೂ ಕಾಣಲಿಲ್ಲ. ಹಾಗೆ ತಲೆ ಮೇಲೆ ಕೂತವರನ್ನು ಕೆಳಗಿಳಿಸಿದ್ದು ಮಾತ್ರ ಒಂದೇ ಕಡೆ ಕಂಡೆ. ಅದೇ ನನ್ನ ಮೊದಲನೆಯ ಕಚೇರಿ.

ಯಾವ ಊರು ಅಂತ ಕೇಳಬೇಡಿ. ನಂಜನಗೂಡು ಅಂದರೆ ಅಲ್ಲಿರುವ ನೆಂಟರು ಜಗಳಕ್ಕೆ ಬರುತ್ತಾರೆ, ತಿರುಮಕೂಡಲು ನರಸೀಪುರ ಅಂದರೆ ಹೆಂಡತಿ ಕಡೆಯವರು ಮಾತು ಬಿಡುತ್ತಾರೆ. ಕಚೇರಿಯ ಹಿಂದೆ ಕಪಿಲೆ ಹರಿಯುತ್ತಿದ್ದಳು ಅಂತ ಮಾತ್ರ ಹೇಳುತ್ತೇನೆ. ಅವಳು ಎರಡೂ ಊರಿನಲ್ಲಿ ಹರಿಯುತ್ತಾಳೆ, ಯಾರ ಮೇಲೂ ಚಾಡಿ ಹೇಳುವುದಿಲ್ಲ. ಕಾಲ ಯಾವುದು ಅಂದರೆ, ಪ್ಲೇಗಿಗೆ ಹೆದರಿ ಊರು ಬಿಟ್ಟಿದ್ದವರೆಲ್ಲ ವಾಪಸು ಬಂದು ಮನೆಗೆ ಸುಣ್ಣ ಬಳಿಸುತ್ತಿದ್ದ ಕಾಲ.

ಯಾರು ಹೋದರು?

ನಾನು ಕೆಲಸಕ್ಕೆ ಸೇರಿದ್ದು ಶ್ರಾವಣದಲ್ಲಿ. ಹೊಸ ಮುಚ್ಚುಕೋಟು, ಅಮ್ಮ ಗಂಜಿ ಹಾಕಿ ಒಣಗಿಸಿದ ರುಮಾಲು. ಆಗೆಲ್ಲ ರುಮಾಲಿಲ್ಲದೆ ಕಚೇರಿ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಗಂಡಸು ಬರಿತಲೆಯಲ್ಲಿ ನಾಲ್ಕು ಜನರ ಎದುರು ಕೂತಿದ್ದಾನೆ ಅಂದರೆ ಅವನ ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂತಲೇ ಲೆಕ್ಕ.

ಒಳಗೆ ಹೋಗಿ ನೋಡುತ್ತೇನೆ, ಮೂಲೆಯ ಇಳಿಜಾರು ಮೇಜಿನ ಹಿಂದೆ ಒಬ್ಬರು ಮುದುಕರು ಬರಿತಲೆಯಲ್ಲಿ ಕೂತು ಬರೆಯುತ್ತಿದ್ದಾರೆ. ನೆರೆತ ಜುಟ್ಟು, ಮಂಜುಗಣ್ಣು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದ್ದಾರೆ. ಆದರೆ ಅಕ್ಷರ! ಮುತ್ತು ಪೋಣಿಸಿದ ಹಾಗೆ. ಕಚೇರಿಯಿಂದ ಹೊರಡುವ ಹುಕುಮುಗಳನ್ನೆಲ್ಲ ನಕಲು ಮಾಡುತ್ತಿದ್ದವರು ಅವರೇ. ಎಲ್ಲರೂ ಅವರನ್ನು ನಕಲು ತಾತ ಅನ್ನುತ್ತಿದ್ದರು.

ನನಗೆ ಪಾಪ ಅನ್ನಿಸಿತು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ: "ಯಾರು ಹೋದರು ತಾತ?"

"ಯಾರೂ ಹೋಗಲಿಲ್ಲಪ್ಪ," ಅಂದರು ತಾತ, ತಲೆ ಎತ್ತದೆ. "ಮಸಿ ಚೆಲ್ಲಿತು."

ಅದು ನಮ್ಮ ಶಿರಸ್ತೇದಾರರ ಶಿಕ್ಷೆ. ಕಾಗದದ ಮೇಲೆ ಒಂದು ಬೊಟ್ಟು ಮಸಿ ಬಿದ್ದರೂ ಸರಿ, ರುಮಾಲು ತೆಗೆಸಿ ತಮ್ಮ ಹಿಂದಿನ ಗೂಟಕ್ಕೆ ನೇತುಹಾಕಿಸುತ್ತಿದ್ದರು. ಸಂಜೆವರೆಗೂ ಬರಿತಲೆ. ಬಂದ ರೈತರೆಲ್ಲ ನೋಡಿ ಲೊಚಗುಟ್ಟಿ ಹೋಗಬೇಕು. ತಾಲ್ಲೂಕಿಗೆಲ್ಲ ದೊಡ್ಡವರಾದ ಅಮಲ್ದಾರರು ಒಳ್ಳೆಯವರು, ಆದರೆ ತಿಂಗಳಲ್ಲಿ ಇಪ್ಪತ್ತು ದಿನ ಕುದುರೆ ಏರಿ ಹಳ್ಳಿ ಸರ್ಕೀಟು. ಅವರಿಲ್ಲದಾಗ ಶಿರಸ್ತೇದಾರರೇ ಮಹಾರಾಜರು.

ತಾತನ ಮೇಲೆ ಅವರಿಗೆ ವಿಶೇಷ ಪ್ರೀತಿ. ದಿನಾ ಬೆಳಿಗ್ಗೆ ಒಂದು ಕಾಗದ ತೆಗೆದು, ತಾರೀಖು ಹಾಕಿ, "ನಾನು ಸ್ವಸಂತೋಷದಿಂದ ಈ ಕಚೇರಿಯನ್ನು ಬಿಟ್ಟು ಹೋಗುತ್ತಿದ್ದೇನೆ" ಅಂತ ತಮ್ಮ ಕೈಯಾರೆ ಬರೆದು ತಾತನ ಮುಂದಿಡುತ್ತಿದ್ದರು. "ಏ ನಕಲು, ಕೆಳಗೆ ರುಜು ಹಾಕು. ಇವತ್ತಾದರೂ ಸಂತೋಷವಾಗಿರು."

ಸಂಗತಿ ಇಷ್ಟೆ. ಸಂಕ್ರಾಂತಿಗೆ ತಾತನ ಸರ್ವೀಸು ಮುಗಿದು ಪಿಂಚಣಿ ಆಗುತ್ತಿತ್ತು. ಅಲ್ಲಿವರೆಗೆ ಕೂತರೆ ಆ ಜಾಗಕ್ಕೆ ಮೈಸೂರಿನವರು ಜನ ಕಳಿಸುತ್ತಾರೆ. ಅದಕ್ಕೆ ಮೊದಲೇ ತಾತ ತಾವಾಗಿ ಬಿಟ್ಟರೆ ಶಿರಸ್ತೇದಾರರು ತಮ್ಮ ಬಾಮೈದನನ್ನು ಹಂಗಾಮಿಯಾಗಿ ಕೂರಿಸಬಹುದು. ಬಾಮೈದನಿಗೆ ಕೆಲಸ, ತಾತನಿಗೆ ಪಿಂಚಣಿ ಇಲ್ಲದೆ ಕೈಗೆ ಚಿಪ್ಪು. ತಾತ ಮಾತ್ರ ಆ ಕಾಗದಗಳಿಗೆ ರುಜು ಹಾಕದೆ, ಹರಿದೂ ಹಾಕದೆ, ಮಡಿಸಿ ಮೇಜಿನೊಳಗೆ ಇಡುತ್ತಿದ್ದರು. ಸರ್ಕಾರದ ಕಾಗದ ಹರಿದರೆ ಕೈಗೆ ಪಾಪ ಸುತ್ತಿಕೊಳ್ಳುತ್ತದೆ ಅನ್ನುವ ಕಾಲದವರು.

ಅವತ್ತು ಮಧ್ಯಾಹ್ನದ ಹೊತ್ತಿಗೆ ಅಮ್ಮ ಗಂಜಿ ಹಾಕಿದ ನನ್ನ ರುಮಾಲೂ ಗೂಟಕ್ಕೆ ಏರಿತ್ತು. ಕಚೇರಿ ವೇಳೆಯಲ್ಲಿ ಸಂತಾಪ ಸೂಚಿಸಿದ್ದು ನನ್ನ ತಪ್ಪು.

ನಗುವುದಕ್ಕೆ ಅಪ್ಪಣೆ

ಶಿರಸ್ತೇದಾರರ ಹತ್ತಿರ ಒಂದು ತಮಾಷೆ ಇತ್ತು. ಒಂದೇ. ತಾತ ಒಳಗೆ ಬರುವಾಗ ಬಾಗಿಲ ಚೌಕಟ್ಟನ್ನು ತಡವಿಕೊಂಡು ಬರುತ್ತಿದ್ದರಲ್ಲ, ಆಗ ಶಿರಸ್ತೇದಾರರು ಮೂಗಿಗೆ ನಶ್ಯ ಏರಿಸಿ, "ಏ ನಕಲು, ಅದು ಬಾಗಿಲು ಕಣಯ್ಯ, ನಿನ್ನ ಹೆಂಡತಿ ಅಲ್ಲ, ಯಾಕೆ ತಡವುತ್ತೀಯ?" ಅನ್ನುತ್ತಿದ್ದರು. ಅಂದು ನಮ್ಮ ಕಡೆ ತಿರುಗುತ್ತಿದ್ದರು. ನಾವು ನಗಬೇಕು. ನಗುತ್ತಿದ್ದೆವು. ನಾನೂ ನಗುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ. ಅದನ್ನು ಶಿಸ್ತು ಅಂತ ತಿಳಿದಿದ್ದೆ, ದೊಡ್ಡವರು ಹೀಗೇ ಇರುತ್ತಾರೆ ಅಂತ ತಿಳಿದಿದ್ದೆ.

ಒಂದು ಸಂಜೆ ಮನೆಯಲ್ಲಿ ಅಮ್ಮನಿಗೆ ಅದೇ ತಮಾಷೆಯನ್ನು ಅಭಿನಯ ಮಾಡಿ ತೋರಿಸಿದೆ. ಅಮ್ಮ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ಮಪ್ಪನಿಗೂ ಕೊನೆಗೊನೆಗೆ ಕಣ್ಣು ಕಾಣುತ್ತಿರಲಿಲ್ಲ ಕಣೋ," ಅಂದಳು. "ಅವರು ಬಾಗಿಲು ತಡವಿದಾಗ ನೀನು ಕೈ ಹಿಡಿದು ಕರಕೊಂಡು ಬರ್ತಿದ್ದೆ. ನಗೋದು ಯಾವಾಗ ಕಲಿತೆ? ಸಂಬಳ ಬಂದ ಮೇಲಾ?"

ಇದು ಶಿಸ್ತಲ್ಲ, ಹಿಂಸೆ, ಅದಕ್ಕೆ ನಾನೂ ತಾಳ ಹಾಕುತ್ತಿದ್ದೇನೆ ಅಂತ ಗೊತ್ತಾದದ್ದು ಹಾಗೆ. ತಾತ ಸಂಕ್ರಾಂತಿವರೆಗೂ ಆ ಕಾಗದಕ್ಕೆ ರುಜು ಹಾಕಬಾರದು, ಹಾಕಲು ನಾನು ಬಿಡಬಾರದು ಅಂತ ಅವತ್ತೇ ಹಠ ಹಿಡಿದೆ.

ಮಾರನೆಯ ದಿನ ತಾತ ಬಂದರು, ಬಾಗಿಲು ತಡವಿದರು. ಶಿರಸ್ತೇದಾರರು ತಮಾಷೆ ಹೇಳಿ ನಮ್ಮ ಕಡೆ ತಿರುಗಿದರು.

"ಅರ್ಥವಾಗಲಿಲ್ಲ ಸ್ವಾಮಿ," ಅಂದೆ.

"ಏನು?"

"ತಮಾಷೆ, ಸ್ವಾಮಿ. ದಿನಾ ಗಾಬರಿಯಲ್ಲಿ ನಕ್ಕುಬಿಡುತ್ತಿದ್ದೆ. ಇವತ್ತು ತಿಳಿದುಕೊಂಡೇ ನಗೋಣ ಅಂತ. ಇನ್ನೊಂದು ಸಲ ಅಪ್ಪಣೆಯಾಗಲಿ."

ಅವರು ಇನ್ನೊಂದು ಸಲ ಹೇಳಿದರು. ನಾನು ಹುಬ್ಬು ಗಂಟು ಹಾಕಿಕೊಂಡು, "ಅಂದರೆ ಬಾಗಿಲಿಗೂ ಅವರ ಹೆಂಡತಿಗೂ ಏನು ಸಂಬಂಧ ಸ್ವಾಮಿ?" ಅಂದೆ. ಅವರು ವಿವರಿಸಲು ಹೊರಟರು. ತಡವುವುದು ಅಂದರೆ ಏನು, ಯಾಕೆ, ಎಲ್ಲಿ. ಹೇಳುತ್ತಾ ಹೇಳುತ್ತಾ ಮುಖ ಕೆಂಪಾಯಿತು. ಮೂರನೆಯ ಸಲ ಹೇಳುವಾಗ ತಮಾಷೆ ಅವರಿಗೇ ಮರೆತುಹೋಯಿತು.

ಬಾಗಿಲಲ್ಲಿ ನಿಂತಿದ್ದ ದಲಾಯತ, ಬಿಲ್ಲೆ ಪಟ್ಟಿ ಕಟ್ಟಿಕೊಂಡು ಕಾಗದ ಪತ್ರ ಹೊತ್ತು ತಿರುಗುವ ನಮ್ಮ ಜವಾನ, ಅವರಿಗೆ ಸಹಾಯಕ್ಕೆ ಬಂದ. "ಬುದ್ಧೀ, ಇವರ ಹೆಂಡ್ರು ಓಗಿ ಎಂಟೊರ್ಸ ಆಯ್ತಲ್ರಾ. ಅದ್ಕೇ ನಗ ಬರ್ನಿಲ್ವೇನೋ."

ಆಮೇಲೆ ಆ ತಮಾಷೆಯನ್ನು ಅವರು ಹೇಳಲಿಲ್ಲ. ಇದ್ದದ್ದು ಅದೊಂದೇ ಆದ್ದರಿಂದ ಕಚೇರಿ ನಾಲ್ಕು ದಿನ ತಣ್ಣಗಿತ್ತು.

ವಿಷಯ: ರಸಬಾಳೆ

ತಮಾಷೆ ಹೋದ ಮೇಲೆ ಬಾಳೆಹಣ್ಣು ಬಂತು. ಶಿರಸ್ತೇದಾರರಿಗೆ ರಸಬಾಳೆ ಅಂದರೆ ಪ್ರಾಣ. ಅದನ್ನು ತರಲು ಸುಡು ಬಿಸಿಲಲ್ಲಿ ತಾತನನ್ನೇ ಸಂತೆಗೆ ಅಟ್ಟುತ್ತಿದ್ದರು, ಜವಾನ ಸುಮ್ಮನೆ ಕೂತಿದ್ದರೂ ಸರಿ. ತಾತ ಕೊಡೆ ಹಿಡಿದು ಎಡವುತ್ತಾ ಹೋಗಿ ಬರುವಷ್ಟರಲ್ಲಿ ನಕಲು ಕೆಲಸ ಹಿಂದೆ ಬೀಳುತ್ತಿತ್ತು. ಹಿಂದೆ ಬಿದ್ದದ್ದಕ್ಕೆ ರುಮಾಲು ಗೂಟಕ್ಕೆ.

ಒಂದು ದಿನ ನಾನು ಎದ್ದು ನಿಂತು, "ಸ್ವಾಮಿ, ತಾತನ ಬದಲು ನಾನು ಹೋಗುತ್ತೇನೆ," ಅಂದೆ.

"ಹೋಗು."

"ಆದರೆ ಕಚೇರಿ ವೇಳೆಯಲ್ಲಿ ಲಿಖಿತ ಅಪ್ಪಣೆ ಇಲ್ಲದೆ ಹೊರಗೆ ಹೋಗಕೂಡದು ಅಂತ ತಮ್ಮದೇ ಸುತ್ತೋಲೆ ಇದೆ."

"ಸರಿ, ಬರಕೊಂಡು ಬಾ, ರುಜು ಹಾಕ್ತೀನಿ," ಅಂದರು, ನನ್ನನ್ನು ಪೆದ್ದ ಅಂತ ತಿಳಿದು.

ನಾನು ಬರೆದೆ. ಒಂದು ಹೊಸ ಕಡತ ತೆರೆದು, ಮೇಲೆ "ವಿಷಯ: ರಸಬಾಳೆ ಹಣ್ಣು, ಒಂದು ಚಿಪ್ಪು" ಅಂತ ದಪ್ಪಕ್ಷರದಲ್ಲಿ ಬರೆದೆ. ಮೊದಲನೆಯ ಟಿಪ್ಪಣಿ: ಶಿರಸ್ತೇದಾರರ ಮನೆಯ ಖರ್ಚಿಗೆ ಹಣ್ಣು ತರಲು ಗುಮಾಸ್ತನನ್ನು ಕಳಿಸುವ ಬಗ್ಗೆ, ಅಪ್ಪಣೆಗಾಗಿ ಮಂಡಿಸಿದೆ. ಶಿರಸ್ತೇದಾರರು ಊಟ ಮುಗಿಸಿ ಬಂದ ಮೇಲೆ ಬರುವ ಕಡತಗಳನ್ನು ಓದುತ್ತಿರಲಿಲ್ಲ, ಕಣ್ಣು ಮುಚ್ಚಿ ರುಜು ಗೀಚುತ್ತಿದ್ದರು. ಗೀಚಿದರು. ಎರಡನೆಯ ಟಿಪ್ಪಣಿ: ಪೂರ್ತಿ ಮಾಗಿದ್ದೋ, ಎರಡು ದಿನ ಇಡಬಹುದಾದದ್ದೋ? ಗೀಚಿದರು. ಮೂರನೆಯದು: ಹಣ್ಣು ಬಂದಿದೆ, ಲಗತ್ತಿಸಿದೆ, ಮುಂದಿನ ಕ್ರಮಕ್ಕೆ ಮೇಲಕ್ಕೆ ಕಳಿಸಬಹುದು. ಅದಕ್ಕೂ ಗೀಚಿದರು.

ಮೇಲಕ್ಕೆ ಅಂದರೆ ಅಮಲ್ದಾರರು. ಅವರಾಗ ಸೋಮನಾಥಪುರದ ಕಡೆ ಕ್ಯಾಂಪಿನಲ್ಲಿದ್ದರು. ಕೆಂಪು ದಾರದಲ್ಲಿ ಕಡತಕ್ಕೆ ಕಟ್ಟಿದ ರಸಬಾಳೆ ಚಿಪ್ಪು ಟಪ್ಪಾಲು ಚೀಲದಲ್ಲಿ ಕೂತು ಕ್ಯಾಂಪಿಗೆ ಹೋಯಿತು. ಇತ್ತ ಶಿರಸ್ತೇದಾರರು, "ಎಲ್ಲಯ್ಯಾ ಹಣ್ಣು?" ಅಂದಾಗಲೆಲ್ಲ ನಾನು, "ಕಡತ ನಡೆಯುತ್ತಿದೆ ಸ್ವಾಮಿ," ಅನ್ನುತ್ತಿದ್ದೆ.

ಮೂರನೆಯ ದಿನ ಕಡತ ವಾಪಸು ಬಂತು. ಅಮಲ್ದಾರರ ಕೈಬರಹದಲ್ಲಿ ಕೆಳಗೆ ಹೀಗಿತ್ತು: "ಲಗತ್ತನ್ನು ಖುದ್ದಾಗಿ ಪರಿಶೀಲಿಸಲಾಯಿತು. ತೃಪ್ತಿಕರವಾಗಿದೆ. ಸಿಪ್ಪೆಗಳನ್ನು ದಾಖಲೆಗಾಗಿ ಹಿಂತಿರುಗಿಸಿದೆ."

ಖುದ್ದು ವಿಚಾರಣೆ

ಬಾಳೆಹಣ್ಣಿನಿಂದ ನನಗೆ ಕೊಬ್ಬು ಬಂತು. ಕೊಬ್ಬಿನಲ್ಲಿ ಒಂದು ಪೆದ್ದ ಕೆಲಸ ಮಾಡಿದೆ. ಮೈಸೂರಿನ ಮೇಲಿನ ಕಚೇರಿಗೆ ಒಂದು ಮೂಗರ್ಜಿ ಬರೆದೆ. ಎಡಗೈಯಲ್ಲಿ ಬರೆದೆ, ಹೆಸರು ಹಾಕಲಿಲ್ಲ. ಇಂಥ ಕಚೇರಿಯಲ್ಲಿ ಶಿರಸ್ತೇದಾರರು ಕೈಕೆಳಗಿನವರಿಗೆ ಹಿಂಸೆ ಕೊಡುತ್ತಿದ್ದಾರೆ, ಒಬ್ಬ ವೃದ್ಧರಿಂದ ಬಲವಂತವಾಗಿ ರಾಜೀನಾಮೆ ಬರೆಸಿಕೊಳ್ಳಲು ನೋಡುತ್ತಿದ್ದಾರೆ, ವಿಚಾರಿಸಬೇಕು ಅಂತ.

ಮೂರು ವಾರ ಆದ ಮೇಲೆ ಅರ್ಜಿ ಮೈಸೂರಿನಿಂದ ಇಳಿದು ಬಂತು. ಎಲ್ಲಿಗೆ? ನಮ್ಮ ಕಚೇರಿಗೇ. ಅದರ ಮೇಲೆ ಯಾರೋ ಪುಣ್ಯಾತ್ಮರು ಷರಾ ಬರೆದಿದ್ದರು: "ಶಿರಸ್ತೇದಾರರು ಖುದ್ದು ವಿಚಾರಿಸಿ ವರದಿ ಮಾಡತಕ್ಕದ್ದು."

ಶಿರಸ್ತೇದಾರರು ಖುದ್ದು ವಿಚಾರಿಸಿದರು. ಒಬ್ಬೊಬ್ಬರನ್ನೇ ಕರೆದು, ಕಣ್ಣು ಬಿಟ್ಟು, "ನಾನು ಹಿಂಸೆ ಕೊಡ್ತೀನೇನಯ್ಯಾ?" ಅಂತ ಕೇಳಿದರು. "ಇಲ್ಲ ಸ್ವಾಮಿ" ಅಂದರು ಮಿಕ್ಕ ಇಬ್ಬರು ಗುಮಾಸ್ತರು. ನಾನೂ ಇಲ್ಲ ಅಂದೆ. ಅರ್ಜಿ ಬರೆದವನೇ ನಾನು, ಬಾಯಿ ಮಾತ್ರ ಇಲ್ಲ ಅಂದಿತು. ಧೈರ್ಯವೆಲ್ಲ ಎಡಗೈಯಲ್ಲೇ ಖರ್ಚಾಗಿಹೋಗಿತ್ತು.

ಕೊನೆಗೆ ದಲಾಯತನ ಸರದಿ. ಅವನ ಕಿವಿ ಹಿಡಿದು ತಿರುಚುತ್ತಾ, "ನೀನು ಹೇಳೋ, ಹಿಂಸೆ ಕೊಡ್ತೀನಾ?" ಅಂದರು.

"ಕಿವಿ ಬುಟ್ರೆ ಇಲ್ಲ ಅಂತೀನಿ ಬುದ್ಧೀ," ಅಂದ ದಲಾಯತ.

ಅದನ್ನೂ ಇಲ್ಲ ಅಂತಲೇ ದಾಖಲು ಮಾಡಿಕೊಂಡರು. ಈ ಕಚೇರಿಯಲ್ಲಿ ಸರ್ವರೂ ಸಂತೋಷದಿಂದಿದ್ದಾರೆ ಅನ್ನುವ ವರದಿ ತಯಾರಾಯಿತು. ಅದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದವರು, ಬರಿತಲೆಯಲ್ಲಿ ಕೂತ ನಮ್ಮ ತಾತ.

ನಾಲ್ಕು ಒಳ್ಳೆಯ ಮಾತು

ಮೂಗರ್ಜಿ ಬರೆದವನು ಯಾರು ಅಂತ ಶಿರಸ್ತೇದಾರರಿಗೆ ಗೊತ್ತಾಗಲಿಲ್ಲ. ಗೊತ್ತಾಗದ ಸಿಟ್ಟನ್ನೆಲ್ಲ ತಾತನ ಮೇಲೆ ತೀರಿಸಿಕೊಂಡರು. ಧನುರ್ಮಾಸ ಬಂತು, ಸಂಕ್ರಾಂತಿಗೆ ಹನ್ನೊಂದೇ ದಿನ ಉಳಿದಿತ್ತು. ಅವತ್ತು ಸಂಜೆ ಕಚೇರಿ ಮುಚ್ಚುವಾಗ ಶಿರಸ್ತೇದಾರರು, "ಏ ನಕಲು, ನಾಳೆ ಒಂದು ದಿನ ಟೈಮು. ರುಜು ಹಾಕದಿದ್ದರೆ ನಾಡಿದ್ದಿನಿಂದ ಮನೆಯಿಂದಲೇ ಬರಿತಲೆಯಲ್ಲಿ ಬಾ. ಪೇಟೆ ಬೀದಿಯಲ್ಲಿ ಹಾಗೇ ನಡಕೊಂಡು ಬಾ," ಅಂದರು.

ಹೊಳೆ ಮೆಟ್ಟಿಲ ಹತ್ತಿರ ತಾತ ನನ್ನ ಕೈ ಹಿಡಿದರು. "ಇಷ್ಟು ದಿನ ಕಚೇರಿ ನಾಲ್ಕು ಗೋಡೆ ಒಳಗೆ ತಡಕೊಂಡೆ ಮಗು. ಬೀದಿಯಲ್ಲಿ ನನ್ನ ಕೈಲಾಗಲ್ಲ. ನಾಳೆ ರುಜು ಹಾಕಿಬಿಡ್ತೀನಿ, ಬೈಕೋಬೇಡ."

"ಹಾಕಬೇಡಿ ತಾತ," ಅಂದೆ. "ನಾಳೆ ಒಂದು ದಿನ ನನ್ನ ಮಾತು ಕೇಳಿ." ಏನು ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಎಡಗೈಯಲ್ಲಿ ಮಾಡುವುದಿಲ್ಲ ಅಂತ ಮಾತ್ರ ಗೊತ್ತಿತ್ತು.

ಮಾರನೆಯ ದಿನ ಮಾಮೂಲಿನಂತೆ ಕಾಗದ ಬಂತು, ಒಂದು ಬೊಟ್ಟು ಮಸಿಯೂ ಬಿತ್ತು. ತಾತನ ರುಮಾಲು ಗೂಟಕ್ಕೆ ಏರಿತು. ಮಧ್ಯಾಹ್ನ ಶಿರಸ್ತೇದಾರರು ಕುರ್ಚಿಯ ಮೇಲೆ ತಮ್ಮ ಶಲ್ಯ ಬಿಟ್ಟು, "ನಾನು ಬರೋಷ್ಟರಲ್ಲಿ ರುಜು ಬಿದ್ದಿರಬೇಕು," ಅಂದು ಮನೆಗೆ ಹೋದರು. ಊಟ ಮಾಡಿ ಒಂದು ಗಳಿಗೆ ಮಲಗಿ ಬರುವುದು ಅವರ ಪದ್ಧತಿ.

ತಾತ ಲೇಖನಿಯನ್ನು ಮಸಿಗೆ ಅದ್ದಿದರು. ನಾನು ಎದ್ದೆ, ನನ್ನ ರುಮಾಲು ತೆಗೆದೆ, ತಾತನ ರುಮಾಲಿನ ಪಕ್ಕದ ಗೂಟಕ್ಕೆ ನೇತುಹಾಕಿ ಬಂದು ಕೂತೆ.

"ಏನೋ ಮಾಡ್ತಿದೀಯ?" ಅಂದರು ತಾತ.

"ಅವರು ಬಂದಾಗ ನೀವೊಬ್ಬರೇ ಹೀಗಿರಬಾರದು ತಾತ. ನಾಳೆ ಬೀದಿಯಲ್ಲೂ ಅಷ್ಟೆ, ನಾನೂ ಬರ್ತೀನಿ."

ಮಿಕ್ಕ ಇಬ್ಬರು ಗುಮಾಸ್ತರು ಮುಖ ಮುಖ ನೋಡಿಕೊಂಡರು. ಒಬ್ಬರು ಎದ್ದರು. ಇನ್ನೊಬ್ಬರು ಬೋಳಾದ ನೆತ್ತಿ ಯಾರಿಗೂ ಕಾಣಬಾರದು ಅಂತ ಹತ್ತು ವರ್ಷದಿಂದ ಕಾಪಾಡಿಕೊಂಡು ಬಂದವರು, ಅವರೂ ಎದ್ದರು. ಬಾಗಿಲಲ್ಲಿದ್ದ ದಲಾಯತ ಒದ್ದಾಡಿದ. "ನನ್ ರುಮಾಲು ಸರ್ಕಾರದ್ದು ಕಣ್ರಪ್ಪಾ, ಕೆಂಪಂಚಿಂದು," ಅಂದ. ಆಮೇಲೆ, "ಕಿವಿ ನಂದೇ ಅಲ್ವಾ," ಅಂತ ಗೊಣಗಿ ಅದನ್ನೂ ತೆಗೆದ. ತಾತ ಲೇಖನಿ ಕೆಳಗಿಟ್ಟರು. ಕಾಗದವನ್ನು ಮಡಿಸಿ ಎಂದಿನ ಹಾಗೆ ಮೇಜಿನೊಳಗೆ ಇಟ್ಟರು.

ಅಷ್ಟರಲ್ಲಿ ದೇವನೂರು ಕಡೆಯ ಒಬ್ಬ ಪಟೇಲರು ಯಾವುದೋ ಹುಕುಮಿನ ವಿಷಯ ಕೇಳಲು ಒಳಗೆ ಬಂದರು. ಹೊಸ್ತಿಲಲ್ಲೇ ನಿಂತರು. ನಮ್ಮ ಐದು ಬರಿತಲೆ ನೋಡಿದರು. ಖಾಲಿ ಕುರ್ಚಿ ನೋಡಿದರು, ಅದರ ಮೇಲಿನ ಶಲ್ಯ ನೋಡಿದರು. ಒಂದು ಮಾತೂ ಆಡದೆ ತಮ್ಮ ರುಮಾಲನ್ನೂ ತೆಗೆದು, ಕುರ್ಚಿಗೆ ಕೈ ಮುಗಿದು, ಹಿಂದೆ ಹಿಂದೆಯೇ ನಡೆದು ಹೊರಟುಹೋದರು. ನಮ್ಮ ಕಷ್ಟ ಹಳ್ಳಿಯ ಪಟೇಲರಿಗೂ ಅರ್ಥವಾಯಿತಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಅರ್ಧ ಗಳಿಗೆಯಲ್ಲಿ ಬೀದಿಯಲ್ಲಿ ಗಲಾಟೆ ಎದ್ದಿತು. ಹೂ ಮಾರುವವಳು ಕಿಟಕಿಯಲ್ಲಿ ಮುಖ ಇಟ್ಟು, "ಅಯ್ಯೋ, ಸಿರಸ್ತೇದಾರ್ರು ತೀರ್ಕಂಡ್ರಂತಲ್ರಪ್ಪೋ!" ಅಂದಳು. ಈಗ ತಾನೆ ಚೆನ್ನಾಗಿ ಬೈದು ಹೋದವರು! ಐದು ಜನವೂ ಎದ್ದು ಓಡಿದೆವು. ರುಮಾಲು ಸುತ್ತಿಕೊಳ್ಳಲು ಯಾರಿಗೆ ಪುರುಸೊತ್ತು? ಬೀದಿಯಲ್ಲಿ ಇನ್ನೂ ಅನುಮಾನ ಇಟ್ಟುಕೊಂಡಿದ್ದವರು ನಮ್ಮ ತಲೆ ನೋಡಿ ಅನುಮಾನ ಬಿಟ್ಟು, ಹೂವು ಕೊಂಡು ಹಿಂದೆ ಬಂದರು. ನಾವು ಊರನ್ನು ನಂಬಿದೆವು, ಊರು ನಮ್ಮನ್ನು ನಂಬಿತು.

ಶಿರಸ್ತೇದಾರರು ಜಗಲಿಯ ಮೇಲೆ ಮಲಗಿದ್ದರು. ನೊಣದ ಕಾಟಕ್ಕೆ ಬಿಳಿ ಪಂಚೆಯನ್ನು ತಲೆಯಿಂದ ಕಾಲವರೆಗೆ ಎಳೆದುಕೊಂಡಿದ್ದರು. ಅವರ ಮನೆಯಾಕೆ ತವರಿಗೆ ಹೋಗಿದ್ದರು. ಹತ್ತಿರ ಹೋಗಿ ಮುಟ್ಟಿ ನೋಡುವವರು ಯಾರೂ ಇಲ್ಲ. ಮುಟ್ಟಿದರೆ ಹೊಳೆಗೆ ಹೋಗಿ ಮುಳುಗಬೇಕು, ಧನುರ್ಮಾಸದ ಕಪಿಲೆ ಕೊರೆಯುತ್ತಿದ್ದಳು. ಎಲ್ಲರೂ ಮಾರು ದೂರದಲ್ಲೇ ದುಃಖ ಪಟ್ಟರು.

ಪಟೇಲರು ಹಿರಿಯರು, ಮುಂದೆ ನಿಂತರು. "ಓದೋರ ಬಗ್ಗೆ ನಾಕು ಒಳ್ಳೆ ಮಾತಾಡಿ ಕಳಿಸ್ಬೇಕು ಕಣ್ರಪ್ಪಾ. ಯಾರಾರೂ ಆಡಿ."

ಎಲ್ಲರೂ ನೆಲ ನೋಡಿದರು. ಒಬ್ಬರು ಕೆಮ್ಮಿದರು. ಪಕ್ಕದ ಮನೆಯವರು ಬಹಳ ಹೊತ್ತು ಯೋಚನೆ ಮಾಡಿ, "ಅವರ ಮನೆ ಎಮ್ಮೆ ಸಾಧು," ಅಂದರು.

ದಲಾಯತ ಮೂಗು ಒರೆಸಿಕೊಂಡ. "ಒಡೀವಾಗ ಎಡಗೈಲೇ ಒಡೀತಿದ್ರು. ಬಲಗೈ ಆಗಿದ್ರೆ ನಾನು ಉಳೀತಿರ್ನಿಲ್ಲ."

"ಅದೇನೇ ಅನ್ನಿ," ಅಂದರು ಪಟೇಲರು, "ಅಕ್ಸರ ಮಾತ್ರ ಮುತ್ತು. ನಮ್ಮೂರ್ಗೆ ಬರಾ ಹುಕುಮ್ ನೋಡ್ಬೇಕು ನೀವು, ದೇವರ ಪಟದ ತಾವ ಇಟ್ಕಂಡಿವ್ನಿ." ಎಲ್ಲರಿಗೂ ಸಮಾಧಾನವಾಯಿತು, ಹೌದು ಹೌದು, ಅಕ್ಷರ ಅಂದರೆ ಅಕ್ಷರ ಅಂದರು. ನಾನು ಬಾಯಿ ತೆರೆದೆ. ತಾತ ನನ್ನ ಕೈ ಒತ್ತಿ ಸುಮ್ಮನಿರಿಸಿದರು.

ಅಲ್ಲಿ ನಿಜವಾಗಿ ಅಳುತ್ತಿದ್ದವರು ತಾತ ಒಬ್ಬರೇ. ಕಣ್ಣೊರೆಸಿಕೊಂಡು ಅವರು ಹೇಳಿದರು: "ದಿನಾ ಬೆಳಿಗ್ಗೆ ನಾನು ಕೇಳದೇನೇ ಒಂದು ಕಾಗದ ಕೊಡ್ತಿದ್ರು. ಒಂದು ದಿನಾನೂ ತಪ್ಪಿಸಲಿಲ್ಲ."

"ಎಂಥ ಕಾಗದ?" ಅಂತ ಹಿಂದಿನಿಂದ ಯಾರೋ ಕೇಳಿದರು. ತಿರುಗಿ ನೋಡಿದರೆ ಅಮಲ್ದಾರರು. ಸರ್ಕೀಟು ಮುಗಿಸಿ ಊರಿಗೆ ಬರುತ್ತಿದ್ದವರು, ದಾರಿಯಲ್ಲಿ ಸುದ್ದಿ ಕೇಳಿ, ಕುದುರೆ ಇಳಿದು, ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು.

ಆಗ ಪಂಚೆ ಮಾತಾಡಿತು. "ಅದು ಬಿಟ್ಟು ಬೇರೆ ಒಂದು ಒಳ್ಳೆ ಮಾತೂ ಸಿಗಲಿಲ್ಲವೇನ್ರೋ ನಿಮಗೆ?" ಅಂದು ಶಿರಸ್ತೇದಾರರು ಎದ್ದು ಕೂತರು. ಎಮ್ಮೆಯ ಮಾತು ಬಂದಾಗಲೇ ಅವರಿಗೆ ಎಚ್ಚರವಾಗಿತ್ತಂತೆ. ಮುಂದೆ ಏನಾದರೂ ಚೆನ್ನಾಗಿರುವುದು ಬರಬಹುದು ಅಂತ ಉಸಿರು ಬಿಗಿಹಿಡಿದು ಕಾದಿದ್ದರಂತೆ.

ಅರ್ಧ ಊರು ಓಡಿತು. ಹೂವಿನ ಬುಟ್ಟಿ ಮಗುಚಿತು. ಅಮಲ್ದಾರರ ಕುದುರೆ ತಾನೇ ಲಾಯಕ್ಕೆ ಹೋಯಿತು. ಗಲಾಟೆ ಅಡಗಿದ ಮೇಲೆ ಅಮಲ್ದಾರರು, "ಇವರು ಸತ್ತರು ಅಂದವರು ಯಾರು?" ಅಂದರು.

ಪಟೇಲರು ಸೌತೆ ಚಪ್ಪರದ ಹಿಂದಿನಿಂದ ಬಂದರು. "ಕಚೇರೀಲಿ ಎಲ್ಲಾ ಬರಿತಲೇಲಿ ಕುಂತಿದ್ರಲ್ಲಾ ಸ್ವಾಮೇರಾ! ಇವರೊಬ್ರೇ ಕಾಣಾಕಿಲ್ಲ. ನಾ ಇನ್ನೇನಂತ ತಿಳೀಲಿ?"

ಅಮಲ್ದಾರರು ನಮ್ಮ ತಲೆಗಳನ್ನು ಒಂದೊಂದಾಗಿ ನೋಡಿ ನನ್ನ ಹತ್ತಿರ ನಿಂತರು. "ರಸಬಾಳೆ ಗುಮಾಸ್ತ ನೀನೇ ಅಲ್ಲವೇ? ಇದೇನು?"

ಈ ಸಲ ಬಾಯಿ ಇಲ್ಲ ಅನ್ನಲಿಲ್ಲ. ಗೂಟದ ವಿಷಯ ಹೇಳಿದೆ, ಕಿವಿಯ ವಿಷಯ ಹೇಳಿದೆ, ಮೂಗರ್ಜಿ ಬರೆದವನು ನಾನೇ ಅಂತಲೂ ಶಿರಸ್ತೇದಾರರ ಎದುರಿಗೇ ಹೇಳಿದೆ. ಕಾಗದದ ವಿಷಯ ಹೇಳಿದಾಗ ತಾತ ಯಾರೂ ಕೇಳದೆಯೇ ಕಚೇರಿಗೆ ಹೋಗಿ ಒಂದು ಕಟ್ಟು ತಂದರು. ಶ್ರಾವಣದ ಮೊದಲಿನಿಂದ ಅವತ್ತಿನವರೆಗೆ, ತಾರೀಖಿನ ಪ್ರಕಾರ ಜೋಡಿಸಿ, ಕೆಂಪು ದಾರ ಕಟ್ಟಿದ ಕಾಗದಗಳು. ಒಂದಕ್ಕೂ ರುಜು ಇರಲಿಲ್ಲ.

ಅಮಲ್ದಾರರು ಹತ್ತು ಹಾಳೆ ಮಗುಚಿದರು. "ದಿನಾ ಸ್ವಸಂತೋಷ. ಯಾರ ಅಕ್ಷರ ಇದು?"

ಪಟೇಲರು ಬಗ್ಗಿ ನೋಡಿ ಶಿರಸ್ತೇದಾರರ ಪರ ವಹಿಸಿದರು. "ಇದು ಇವರದಲ್ಲ ಬುಡಿ ಸ್ವಾಮೇರಾ, ನಾ ಪರಮಾಣ ಮಾಡ್ತೀನಿ. ಇವರದು ಮುತ್ತು. ಇದ್ಯಾವುದೋ ಕಾಗೆ ಕಾಲು."

"ನಂದೇ ಕಣಯ್ಯಾ!" ಅಂತ ಕೂಗಿದರು ಶಿರಸ್ತೇದಾರರು. ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡರು.

ಅಮಲ್ದಾರರು ಜಾಸ್ತಿ ಮಾತಾಡುವವರಲ್ಲ. ತಾತ ಸಂಕ್ರಾಂತಿವರೆಗೆ ತಮ್ಮ ಜಾಗದಲ್ಲಿ ರುಮಾಲಿನೊಂದಿಗೆ ಕೂರತಕ್ಕದ್ದು, ಗೂಟಗಳನ್ನು ಈಗಲೇ ಕೀಳತಕ್ಕದ್ದು ಅಂದರು. ದಲಾಯತ ಕೀಳಲು ಓಡಿಯೇ ಹೋದ. ಆಮೇಲೆ ಶಿರಸ್ತೇದಾರರ ಕಡೆ ತಿರುಗಿ, "ನಾಳೆ ಮಧ್ಯಾಹ್ನದ ಟಪ್ಪಾಲಿನಲ್ಲಿ ಈ ಕಟ್ಟು ಮೈಸೂರಿಗೆ ಹೋಗಬೇಕು. ಇಲ್ಲವೇ, ಈ ಕಚೇರಿ ಬಿಡಲು ನೀವೇ ಕೇಳಿಕೊಂಡ ಕಾಗದ ಹೋಗಬೇಕು. ಯಾವುದು ಅಂತ ನೀವೇ ಹೇಳಿ," ಅಂದರು.

ಮಾರನೆಯ ಬೆಳಿಗ್ಗೆ ನಾವೆಲ್ಲ ರುಮಾಲು ಬಿಗಿದು ಕೂತಿದ್ದೆವು. ಶಿರಸ್ತೇದಾರರು ಬಂದು ಕೂತು, ಸಣ್ಣ ದನಿಯಲ್ಲಿ, "ಒಂದು ಕಾಗದ ಕೊಡಿ," ಅಂದರು.

ತಾತ ಎದ್ದರು. ಬಾಗಿಲನ್ನೂ ಗೋಡೆಯನ್ನೂ ತಡವಿಕೊಂಡು ನಿಧಾನವಾಗಿ ಹೋಗಿ, ಕಟ್ಟಿನಿಂದ ಒಂದು ಹಾಳೆ ಎಳೆದು ಅವರ ಮುಂದಿಟ್ಟರು. "ಮೇಲಿನ ಸಾಲು ಆಗಲೇ ಬರೆದಿದೆ ಸ್ವಾಮಿ. ತಾವೇ ಬರೆದದ್ದು. ಕೆಳಗೆ ರುಜು ಹಾಕಿದರೆ ಸಾಕು."

ಶಿರಸ್ತೇದಾರರು ರುಜು ಹಾಕಿದರು. ರುಜುವಿನ ಪಕ್ಕದಲ್ಲಿ ಟಪ್ ಅಂತ ಒಂದು ದೊಡ್ಡ ಬೊಟ್ಟು ಮಸಿ ಬಿತ್ತು. ಎಲ್ಲರೂ ಅದನ್ನೇ ನೋಡಿದೆವು. ಅಭ್ಯಾಸ ಬಲ ನೋಡಿ, ಅವರ ಕೈ ತಾನಾಗಿ ಅವರ ರುಮಾಲಿನ ಕಡೆ ಹೋಯಿತು.

"ಬೇಡ ಸ್ವಾಮಿ, ಇರಲಿ," ಅಂದರು ತಾತ. "ಬೀದೀಲಿ ಜನ ಮತ್ತೆ ಹೂವು ತಗೊಂಡು ಬಂದುಬಿಡ್ತಾರೆ."